ಮರುಭೂಮಿಯ ಗಾಡಿಗೆ ಪೈನ್ ವಾಸನೆ

ಬಾನೆಟ್ಟಿನ ಮೇಲೆ ಅಂಗೈ ಇಟ್ಟ ಸೈಮಾ ರೌತಿಯೊ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಅಜ್ಜಿಯ ಹಾಗೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು.

"ಬೆಚ್ಚಗಿದೆ."

"ಬಿಸಿಲಿಗೆ ಕಾದಿರ್ಬೇಕು ಮೇಡಂ," ಅಂದ ಕ್ಲೈಡ್ ಟ್ರೆಗೇರ್. ಹಳೇ ಗಾಡಿಗಳ ವ್ಯಾಪಾರಿ. ಹೆಸರಿನಲ್ಲೇ ಗೇರ್ ಇಟ್ಟುಕೊಂಡು ಹುಟ್ಟಿದವನು.

ಸೈಮಾ ಕಣ್ಣು ತೆರೆದು ಆಕಾಶ ನೋಡಿದಳು. ಅಕ್ಟೋಬರ್ ಮುಗಿಯುತ್ತಿತ್ತು. ಸುಪೀರಿಯರ್ ಸರೋವರದ ಕಡೆಯಿಂದ ಎದ್ದ ಮೋಡ ರೌಹಾಲಾ ಊರಿನ ಮೇಲೆ ಬೂದು ಕಂಬಳಿಯ ಹಾಗೆ ಬಿದ್ದುಕೊಂಡಿತ್ತು. ವಾರದಿಂದ ಸೂರ್ಯನ ಸುಳಿವೇ ಇಲ್ಲ.

"ಯಾವ ಬಿಸಿಲೋ ಕ್ಲೈಡ್? ಹೋದ ಆಗಸ್ಟಿಂದಾ, ಬರೋ ಜೂನಿಂದಾ?"

ಪಕ್ಕದಲ್ಲಿದ್ದ ಹೆಲ್ಮಿ ನಿಸ್ಕಾಲಾ ಗೊಳ್ಳೆಂದು ನಕ್ಕಳು. ಕಾಡಿನಿಂದ ಬರ್ಚ್ ಮರದ ಸೌದೆ ತಂದು ಮನೆಮನೆಗೆ ಹಾಕುವ ಅವಳನ್ನು ಊರವರು ಕರೆಯುವುದೇ ಸೌದೆ ಹೆಲ್ಮಿ ಎಂದು. ಅವಳು ನಕ್ಕರೆ ಆಚೆ ಗಾಡಿಯ ಕನ್ನಡಿಯೂ ಅಲುಗುತ್ತದೆ.

"ನಾವು ಬರ್ತೀವಿ ಅಂತ ಗೊತ್ತಾಗಿ ಬೆಳಗ್ಗೆನೇ ಎಬ್ಬಿಸಿ, ಓಡಿಸಿ, ಬೆವರು ಒರೆಸಿ ನಿಲ್ಸಿದೀಯ," ಅಂದಳು ಸೈಮಾ. "ಚಳಿಗಾಲದ ಗಾಡಿನ ತಣ್ಣಗೆ ಮಲಗಿರೋವಾಗ ಎಬ್ಬಿಸಿ ನೋಡ್ಬೇಕು. ಎದ್ದ ತಕ್ಷಣ ಕೆಮ್ಮುತ್ತಾ, ಗೊಣಗುತ್ತಾ, ಮತ್ತೆ ಮಲಗುತ್ತಾ, ಎಲ್ಲ ಗೊತ್ತಾಗ್ಬೇಕು. ಆರೋವರೆಗೂ ಕಾಯ್ತೀವಿ. ನನ್ನ ಹತ್ರ ಪುರುಸೊತ್ತಿದೆ, ಹೆಲ್ಮಿ ಹತ್ರ ನಿಸು ಇದೆ."

ಏಲಕ್ಕಿ ಹಾಕಿ ಜಡೆ ಹೆಣೆದು ಸುಟ್ಟ ನಿಸು ಬ್ರೆಡ್ಡಿನ ಪೊಟ್ಟಣವನ್ನು ಹೆಲ್ಮಿ ಸಾಕ್ಷಿಗಾಗಿ ಎತ್ತಿ ತೋರಿಸಿದಳು.

ಕ್ಲೈಡ್ ಎರಡೂ ಕೈ ಎತ್ತಿ ಶರಣಾದ. "ಶೆರಿಫ್ ಕಚೇರಿ ಬಿಟ್ಟು ಇಷ್ಟು ವರ್ಷ ಆದ್ರೂ ವಿಚಾರಣೆ ಮಾಡೋ ಚಟ ನಿಮ್ಮನ್ನ ಬಿಟ್ಟಿಲ್ಲ ನೋಡಿ! ಹೋದ ವಾರ ನಮ್ಮ ಪಾದ್ರಿಗಳೂ ಬಂದಿದ್ರು." ಅವನು ಗಲ್ಲ ಎದೆಗೊತ್ತಿ, ಮೂಗಿನಲ್ಲೇ ರಾಗ ಎಳೆದ. "'ಮಗೂ ಕ್ಲೈಡ್... ಈ ಗೇರ್ ಬಾಕ್ಸಿಗೆ ಆತ್ಮಶಾಂತಿ ಇದೆಯೇನಪ್ಪಾ?'"

ಪಾದ್ರಿಗಳೇ ಬಂದು ನಿಂತ ಹಾಗಿತ್ತು. ಸೈಮಾಳಿಗೂ ನಗು ತಡೆಯಲಾಗಲಿಲ್ಲ. ಕ್ಲೈಡನ ಅಂಗಳದಲ್ಲಿ ಗಾಡಿಗೆ ಬಣ್ಣ ಒಂದು ಪಾಲಾದರೆ ಬಣ್ಣನೆ ಮೂರು ಪಾಲು. ಆದರೂ ಜನ ಅಲ್ಲಿಗೇ ಬರುತ್ತಿದ್ದರು. ಗಾಡಿ ಸರಿಯಿಲ್ಲದಿದ್ದರೂ ಗಮ್ಮತ್ತು ಖಾತ್ರಿ.

ಹೆಲ್ಮಿಗೆ ಮಾತ್ರ ಗಮ್ಮತ್ತಿನ ಜೊತೆಗೆ ಗಾಡಿಯೂ ಬೇಕಿತ್ತು, ಅದೂ ಹಿಮ ಬೀಳುವ ಮೊದಲು.

ಅವಳ ಹಸಿರು ಪಿಕಪ್ ಕಳೆದ ಮಾರ್ಚಿನಲ್ಲಿ ಕೊನೆಯದಾಗಿ ಕಂಡಿತ್ತು. ತಮ್ಮ ಓರ್ವೊ ಮೀನು ಹಿಡಿಯಲೆಂದು ಅದನ್ನು ಹೆರನ್ ಕೊಲ್ಲಿಯ ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿಸಿಕೊಂಡು ಹೋದ. ಹೋಗಿದ್ದು ಗಾಡಿಯಲ್ಲಿ, ಬಂದದ್ದು ಕಾಲ್ನಡಿಗೆಯಲ್ಲಿ. ಮಂಜುಗಡ್ಡೆ ಬಾಯಿ ಬಿಟ್ಟು ಗಾಡಿಯನ್ನು ನುಂಗಿತು ಎಂದ. ಮುಳುಗಿದ್ದು ಗಾಡಿ, ತೇಲಿದ್ದು ಸುದ್ದಿ: ಅವನು ಕುಡಿದಿದ್ದನಂತೆ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅಂದಿನಿಂದ ಅಕ್ಕ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಹೆಸರಿಗೆ ತಕ್ಕ ಹಾಗೆ ಓರ್ವನೇ ಬದುಕುತ್ತಿದ್ದ ಓರ್ವೊ ಇನ್ನೂ ಒಂಟಿಯಾದ.

ಆ ಕಥೆಯನ್ನು ನಂಬಲಾರದೆ ಬೇಸಿಗೆಯಿಡೀ ಕೆದಕಿದವಳು ಸೈಮಾ ಒಬ್ಬಳೇ. ಸಿಕ್ಕಿದ್ದು ಮಾತ್ರ ಏನೂ ಇಲ್ಲ.

"ಆ ಕೆಂಪು ಗಾಡಿ ಯಾಕೆ ಬೇಡ ಅಂದ್ರಿ, ಅದನ್ನಾದ್ರೂ ಹೇಳಿ," ಅಂದ ಕ್ಲೈಡ್.

"ಹೊರಗಡೆ ಲಿಪ್‌ಸ್ಟಿಕ್ಕು, ಒಳಗಡೆ ಹುಳುಕು ಹಲ್ಲು. ಬಾಗಿಲ ಕೆಳಗೆ ಸ್ಕ್ರೂಡ್ರೈವರ್ ಒತ್ತಿದ್ರೆ ಬೆಣ್ಣೆಗೆ ಚಾಕು ಹೋದ ಹಾಗೆ ಹೋಯ್ತು."

"ನೀಲಿದು?"

"ಬ್ರೇಕಿನ ಪೈಪು ನೋಡಿದೀಯಾ? ಹಿಮ ಕರಗಿಸೋಕೆ ರಸ್ತೆಗೆ ಹಾಕೋ ಉಪ್ಪು ತಿಂದು ತಿಂದು ಒಣಗಿದ ಕಡ್ಡಿ ಆಗಿದೆ. ಇಳಿಜಾರಲ್ಲಿ ಸೌದೆ ತುಂಬ್ಕೊಂಡು ಬ್ರೇಕ್ ಒತ್ತಿದ್ರೆ ಹೆಲ್ಮಿ ಸೀದಾ ಸರೋವರಕ್ಕೆ."

"ನಮ್ಮ ಮನೆಯಿಂದ ಒಂದು ಗಾಡಿ ಹೋಗಿದೆ ಅಲ್ಲಿಗೆ, ಅಷ್ಟು ಸಾಕು," ಅಂದಳು ಹೆಲ್ಮಿ. ಈ ಸಲ ನಗಲಿಲ್ಲ. "ಕ್ಲೈಡ್, ನನಗೆ ಬೇಕಾಗಿರೋದು ಹಿಮ ಮೆಟ್ಟೋ ಗಾಡಿ ಕಣೋ. ಹಿಮ್ಮೆಟ್ಟೋ ಗಾಡಿ ಅಲ್ಲ."

"ಅದಕ್ಕೇ ಇದು!" ಕ್ಲೈಡ್ ಮರಳು ಬಣ್ಣದ ಪಿಕಪ್ಪಿನ ಬೆನ್ನು ತಟ್ಟಿದ. ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ: ಆರಿಜೋನಾದ ಗಾಡಿ. ಹಿಮ ಕಂಡಿಲ್ಲ. ಉಪ್ಪು ಮುಟ್ಟಿಲ್ಲ. "ಮರುಭೂಮಿಲಿ ಹುಟ್ಟಿ ಮರುಭೂಮಿಲೇ ಬೆಳೆದಿದ್ದು. ತುಕ್ಕು ಅಂದ್ರೆ ಏನು ಅಂತ ಕೇಳುತ್ತೆ. ಅಂಗಳದ ಮುಂದೆ ನಿಲ್ಸಿ ಹದಿನೈದು ದಿನ ಆಯ್ತು, ನೋಡಿದವರೆಲ್ಲ ಕಣ್ಣು ಹಾಕಿದಾರೆ."

ಗಾಡಿ ಆರುವವರೆಗೆ ಮೂವರೂ ಹಿಂದಿನ ತೊಟ್ಟಿಯ ಅಂಚಿನ ಮೇಲೆ ಕೂತು ನಿಸು ತಿಂದರು. ಏಲಕ್ಕಿಯ ಘಮ, ಬಿಸಿ ಕಾಫಿ, ಸರೋವರದ ಮೇಲೆ ದಕ್ಷಿಣಕ್ಕೆ ಹೊರಟ ಬಾತುಗಳ ಸಾಲು. ಕ್ಲೈಡ್ ಆ ಬಾತುಗಳ ದನಿಯನ್ನೂ ತೆಗೆದ; ಸಾಲಿನ ಕೊನೆಯ ಹಕ್ಕಿ ತಿರುಗಿ ನೋಡಿತು ಎಂದು ಹೆಲ್ಮಿ ಆಣೆ ಮಾಡಿ ಹೇಳಿದಳು. ಹಿಮ ಸುರಿಯುವ ಮುಂಚಿನ ಇಂಥ ದಿನಗಳಲ್ಲಿ ಆ ಊರಿನವರಿಗೆ ಒಂದು ತೆರನ ನೆಮ್ಮದಿ. ಸೌದೆ ಪೇರಿಸಿ ಆಗಿದೆ, ಆಲೂಗಡ್ಡೆ ನೆಲಮಾಳಿಗೆ ಸೇರಿದೆ. ಇನ್ನು ಬರುವುದು ಬರಲಿ.

ಬಾನೆಟ್ಟು ತಣ್ಣಗಾದ ಮೇಲೆ ಸೈಮಾ ಒಂದು ರಟ್ಟಿನ ಹಾಳೆ ಹಾಸಿ, ಟಾರ್ಚು ಹಿಡಿದು, ಬೆನ್ನ ಮೇಲೆ ಗಾಡಿಯ ಅಡಿಗೆ ಜಾರಿದಳು.

ಚಾಸಿಗೆ ಹೊಚ್ಚ ಹೊಸ ಕಪ್ಪು ಬಣ್ಣ. ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ನೋಡಿದಳು. ತುಕ್ಕು ತಿಂದ ಕಬ್ಬಿಣ 'ಥಪ್' ಎನ್ನುತ್ತದೆ. ಇದು ಚರ್ಚಿನ ಗಂಟೆಯ ಹಾಗೆ 'ಟಣ್' ಎಂದಿತು. ಬ್ರೇಕಿನ ಪೈಪುಗಳು ಸರಿಯಾಗಿದ್ದವು, ಇಂಧನದ ತೊಟ್ಟಿಯ ಪಟ್ಟಿಗಳೂ ಗಟ್ಟಿ.

"ಹೇಗಿದೆಯೇ?" ಮೇಲಿನಿಂದ ಹೆಲ್ಮಿಯ ಮುಖ ತಲೆಕೆಳಗಾಗಿ ಇಣುಕಿತು.

"ನನ್ನ ಮಂಡಿಗಿಂತ ಚೆನ್ನಾಗಿದೆ."

"ನಿನ್ನ ಮಂಡಿಗಿಂತ ಆ ಕೆಂಪು ಗಾಡಿನೂ ಚೆನ್ನಾಗಿತ್ತು ಕಣೆ."

ಹೆಲ್ಮಿ ಬೀಗದ ಕೈ ತಿರುಗಿಸಿದಳು. ಗಾಡಿ ಕೆಮ್ಮಲಿಲ್ಲ, ಗೊಣಗಲಿಲ್ಲ. ಕರೆದ ಕೂಡಲೇ ಎದ್ದು ಕೂತಿತು. ಜಲ್ಲಿಯ ಗುಡ್ಡೆ ಹತ್ತಿಸಿ ನೋಡಿದರು. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ ಎಳೆದವು. ಹಿಂದೆ ಮರಳಿನ ಮೂಟೆ ಹಾಕಿದರೆ ಹಿಮದಲ್ಲಿ ಜಾರಿ ಬಾಲ ಆಡಿಸುವುದೂ ಇಲ್ಲ ಎಂದು ಸೈಮಾ ತೀರ್ಪು ಕೊಟ್ಟಳು. ಟೈರೂ ಸವೆದಿರಲಿಲ್ಲ, ಗೀರಿನಲ್ಲಿ ನಾಣ್ಯ ಅರ್ಧ ಮುಳುಗಿತು. ಇನ್ನು ಉಳಿದದ್ದು ಹೀಟರು. ಚಳಿಗಾಲದ ಗಾಡಿಗೆ ಎಂಜಿನ್ ಕಾಲಾದರೆ ಹೀಟರ್ ಹೃದಯ.

ಅಂಗಳಕ್ಕೆ ಮರಳಿ, ಎಂಜಿನ್ ಓಡುತ್ತಿದ್ದ ಹಾಗೇ ಬಾಗಿಲು ಹಾಕಿಕೊಂಡು ಕೂತರು. ಮೊದಲು ಕಾಲಿಗೆ ಬಿಸಿಗಾಳಿ, ಆಮೇಲೆ ಗಾಜಿಗೆ. ಹೆಲ್ಮಿ ಕೈಗವಸು ತೆಗೆದಳು, ಟೋಪಿ ತೆಗೆದಳು, ಕೊನೆಗೆ ಕೋಟೂ ಬಿಚ್ಚಿದಳು.

"ಸೈಮಾ, ನನಗಿದು ಬೇಕು ಕಣೆ," ಅಂದಳು ಮೆಲ್ಲಗೆ. "ಹಳೇದರ ನಂತರ ಬೇರೆ ಯಾವ ಗಾಡಿಲಿ ಕೂತ್ರೂ ಬೇರೆಯವರ ಮನೆಲಿ ಕೂತ ಹಾಗಿತ್ತು. ಇದು ನೋಡು, ಹೇಗೆ... ನಮ್ಮ ಸೌನಾ ಕೋಣೆಲಿ, ಹಬೆಲಿ ಕೂತ ಹಾಗಿದೆ. ಅಪ್ಪ ನೆನಪಾಗ್ತಾನೆ."

"ಯಾಕೆ ನೆನಪಾಗ್ತಾನೆ?"

"ಯಾಕೋ. ವಾಸನೆ ಇರ್ಬೇಕು."

ಇನ್ನೊಂದು ತುಂಡು ನಿಸು ಬಾಯಿಗಿಟ್ಟಿದ್ದ ಸೈಮಾ ಅಗಿಯುವುದನ್ನು ನಿಲ್ಲಿಸಿದಳು. ಬಾಯಲ್ಲಿದ್ದ ಏಲಕ್ಕಿಯನ್ನು ಕಾಫಿಯಿಂದ ತೊಳೆದು ನುಂಗಿ, ಮೂಗು ಎತ್ತಿದಳು.

ಹೊಗೆ, ಅಂಟು, ಕಾಡು. ಪೈನ್ ಮರದ ಬೇರು ಸುಟ್ಟು ಇಳಿಸಿದ ಕಡುಗಂದು ರಸ, ಅಜ್ಜಂದಿರ ಕಾಲದಿಂದ ದೋಣಿಗೂ ಹಿಮದ ಜಾರುಹಲಗೆಗೂ ಬಳಿಯುತ್ತ ಬಂದ ತೇರ್ವಾ. ತಣ್ಣಗಿದ್ದಾಗ ಅದು ಕಲ್ಲಿನ ಹಾಗೆ ಸುಮ್ಮನಿರುತ್ತದೆ. ಕಾದರೆ ಮಾತಾಡುತ್ತದೆ.

"ಎಂಜಿನ್ ನಿಲ್ಲಿಸ್ಬೇಡ," ಎಂದವಳೇ ಸೈಮಾ ಇಳಿದು ಮತ್ತೆ ರಟ್ಟಿನ ಮೇಲೆ ಜಾರಿದಳು.

ಸೈಲೆನ್ಸರ್ ಕೊಳವೆ ಕಾದಿತ್ತು. ಅದರ ಪಕ್ಕದ ಚಾಸಿಯ ಮೇಲೆ ಕಪ್ಪು ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟತೊಡಗಿತ್ತು. ಸ್ಕ್ರೂಡ್ರೈವರಿನ ತುದಿಯಿಂದ ಗೀರಿದಳು. ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ಕೆಳಗೆ ಕಂದು, ಮೆತ್ತಗೆ, ಜಿಗುಟು. ಪದರದ ಮೇಲೆ ಪದರ. ವರ್ಷ ವರ್ಷವೂ ಒಬ್ಬ ಮನುಷ್ಯ ಅಂಗಾತ ಮಲಗಿ, ಕುಂಚದಿಂದ ಮೂಲೆಮೂಲೆಗೂ ತುಂಬಿದ ತಾಳ್ಮೆ.

ತುಕ್ಕು ಹಿಡಿಯದಿರಲೆಂದು ಉಳಿದವರು ಗ್ಯಾರೇಜಿನಲ್ಲಿ ಗಾಡಿಯ ಅಡಿಗೆ ಎಣ್ಣೆ ಬಳಿಸುತ್ತಾರೆ. ತೇರ್ವಾಕ್ಕೆ ಗರಗಸದ ಎಣ್ಣೆ ಬೆರೆಸಿ, ಕಾಯಿಸಿ ಬಳಿಯುವ ಹಳೇ ಹುಚ್ಚು ಈ ಊರಿನಲ್ಲಿ ಒಂದೇ ಮನೆಯದು.

ಕಂದು ಮೆತ್ತಿದ ಬೆರಳನ್ನು ಸೈಮಾ ಕಿಟಕಿಯೊಳಗೆ ಚಾಚಿದಳು. "ಮೂಸು."

ಹೆಲ್ಮಿ ಮೂಸಿದಳು. ಅವಳ ದೊಡ್ಡ ಮುಖದಿಂದ ನಗು ಇಳಿಯಿತು. ಬಾಗಿಲು ತೆಗೆದು, ಕೋಟನ್ನೂ ಮರೆತು, ಗಾಡಿಯ ಮುಂದೆ ಹೋಗಿ ಮೊಣಕಾಲೂರಿ ಮುಂದಿನ ಜಾಲರಿಯನ್ನು ತಡಕಿದಳು. ಎಡಗಡೆ, ಕೆಳಗೆ, ಒಂದು ರಬ್ಬರಿನ ಬಿರಡೆ. ಉಗುರಿನಿಂದ ಕಿತ್ತಳು. ಒಳಗೆ ಒಂದು ತೂತು, ಸುತ್ತಲೂ ಕರಗಿ ವಕ್ರವಾಗಿತ್ತು.

"ಎಂಜಿನ್ ಕಾಯಿಸೋ ಹೀಟರಿನ ವೈರಿಗೆ ಓರ್ವೊ ಮಾಡಿದ ತೂತು," ಅಂದಳು. "ಮೊಳೆ ಕಾಯಿಸಿ ಚುಚ್ಚಿದ್ದ. ವಕ್ರವಾಗಿದೆ ಕಣೋ ಅಂದ್ರೆ, ವೈರಿಗೇನು ನೆಟ್ಟಗೆ ನಡೆಯೋ ಹರಕೆ ಇದೆಯಾ ಅಂದಿದ್ದ. ಸೈಮಾ, ಇದು ನನ್ನದು. ಇದು ನನ್ನ ಹಸಿರು ಗಾಡಿನೇ, ಮೇಲೆ ಬೇರೆ ಬಣ್ಣ ಹೊಡೆದಿದಾರೆ!"

"ಮೆಲ್ಲಗೆ."

"ಮುಳುಗೇ ಇಲ್ಲ! ನನ್ನ ತಮ್ಮ ಮುಳುಗಿಸೇ ಇಲ್ಲ! ಕುಡುಕ ಅಂದೆನಲ್ಲೇ ನಾನು ಅವನ್ನ, ಚರ್ಚಿನ ಬಾಗಿಲಲ್ಲಿ, ಎಲ್ಲರ ಮುಂದೆ..."

ಕಚೇರಿಯ ಕಿಟಕಿಯಲ್ಲಿದ್ದ ಕ್ಲೈಡ್ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೊರಗೆ ಬಂದ.

ಹೆಲ್ಮಿ ಬಾಯಿ ತೆರೆಯುವ ಮೊದಲು ಸೈಮಾ ಶುರು ಮಾಡಿದಳು. "ಕ್ಲೈಡ್, ಆರಿಜೋನಾದಲ್ಲಿ ಚಳಿ ಹೇಗಿರುತ್ತೆ?"

"ಚಳಿನಾ? ಅಲ್ಲಿ ಹಲ್ಲಿನೂ ಕೊಡೆ ಹಿಡ್ಕೊಂಡು ಓಡಾಡುತ್ತೆ ಮೇಡಂ."

"ಹಾಗಿದ್ರೆ ಆ ಸೆಕೆಲಿ ಎಂಜಿನ್ನಿಗೆ ಕಂಬಳಿ ಹೊದಿಸಿದವರು ಯಾರು? ಹೀಟರಿನ ವೈರಿಗೆ ತೂತಿದೆ. ವೈರು ಕಿತ್ತು ಬಿರಡೆ ಹಾಕಿದಾರೆ."

"ಯಾರೋ ತಲೆಕೆಟ್ಟವರು ಇರ್ಬೇಕು."

"ಚಾಸಿಗೆ ತೇರ್ವಾ ಬಳಿದವರೂ ಅವರೇನಾ? ಮರುಭೂಮಿಲಿ ಪೈನ್ ಬೇರು ಎಲ್ಲಿ ಸಿಕ್ತು ಅವರಿಗೆ?"

ಕ್ಲೈಡ್ ಗಾಡಿಯನ್ನು ನೋಡಿದ, ಅವಳ ಬೆರಳನ್ನು ನೋಡಿದ. "ಹೋದ ತಿಂಗಳು ದಕ್ಷಿಣದ ಹರಾಜಲ್ಲಿ ಕೂಗಿ ತಂದಿದ್ದು. ಮುಂದಿನ ಗಾಜಿನ ಕೆಳಗಿರೋ ನಂಬರು, ಬಾಗಿಲಿನ ನಂಬರು, ಎಲ್ಲ ಆರಿಜೋನಾದ್ದೇ. ನೀವೇ ನೋಡಿ."

"ನಂಬರಿನ ತಗಡು ಬದಲಾಯಿಸೋಕೆ ಎರಡು ಮೊಳೆ ಸಾಕು. ಚಾಸಿಲಿ ಕೊರೆದಿರೋದನ್ನ ಬದಲಾಯಿಸೋಕಾಗಲ್ಲ. ಅದು ತೇರ್ವಾದ ಕೆಳಗೆ ಭದ್ರವಾಗಿರುತ್ತೆ. ಕೆರೆದ್ರೆ ಕಾಣುತ್ತೆ."

"ಕೆರೀರಿ."

"ಏನು?"

"ಕೆರೀರಿ ಮೇಡಂ. ಕದ್ದ ಗಾಡಿ ಅಂದ್ರೆ ನನಗೇ ಮೋಸ ಆಗಿದೆ. ಹೆಲ್ಮಿದಾದ್ರೆ ಹೆಲ್ಮಿ ತಗೊಂಡು ಹೋಗ್ಲಿ." ಅವನು ನಿಟ್ಟುಸಿರನ್ನೂ ಬಿಡಲಿಲ್ಲ.

ಸೈಮಾಳಿಗೆ ಅದು ಹಿಡಿಸಲಿಲ್ಲ. ಅಂಗಳದ ಅತ್ಯುತ್ತಮ ಗಾಡಿ ಕೈಬಿಡುತ್ತಿರುವ ವ್ಯಾಪಾರಿ ಕಿರುಚಬೇಕು, ವಕೀಲರ ಹೆಸರೆತ್ತಬೇಕು, ಕೊನೆಗೆ ಎದೆನೋವು ಅಂತಾದರೂ ನಟಿಸಬೇಕು. ಟೈರಿಗೆ ಗಾಳಿ ಕಡಿಮೆ ಎಂದು ಬೆಲೆ ಚೌಕಾಸಿ ಮಾಡಿದವನ ಮೇಲೆ ಇವನು ಅರ್ಧ ದಿನ ಹಾರಾಡಿದ್ದನ್ನು ಅವಳು ಕಂಡಿದ್ದಳು.

"ಆ ಡಾಂಬರು ಬಳಿಯೋರು ಯಾರು ಅಂದ್ರಿ?" ಕ್ಲೈಡ್ ಕೇಳಿದ. ಕೇಳುವ ಧಾಟಿ ಹವಾಮಾನ ಕೇಳುವ ಹಾಗಿತ್ತು.

"ನಾನು ಯಾರ ಹೆಸರೂ ಹೇಳಲಿಲ್ಲ," ಅಂದಳು ಸೈಮಾ.

"ನನ್ನ ತಮ್ಮ ಕಣೋ!" ಅಂದಳು ಹೆಲ್ಮಿ. ಸಂತೋಷ ತುಂಬಿದ ಬಾಯಿಗೆ ಬಾಗಿಲು ಹಾಕುವವರಾರು? "ಪ್ರತಿ ಅಕ್ಟೋಬರಿಗೂ ಅವನೇ ಬಳಿಯೋದು! ಆವತ್ತು ಯಾವನೋ ಕಳ್ಳ ಮಂಜುಗಡ್ಡೆ ಮೇಲಿಂದ ಗಾಡಿ ಹೊಡ್ಕೊಂಡು ಹೋಗಿದಾನೆ. ಬೀಗದ ಕೈ ಗಾಡಿಲೇ ಇತ್ತಲ್ಲ."

ಅದೂ ನಿಜವೇ. ಕೊಲ್ಲಿಯ ಮೇಲೆ ಗಾಡಿ ನಿಲ್ಲಿಸಿದವರು ಯಾರೂ ಬೀಗದ ಕೈ ಕೀಳುವುದಿಲ್ಲ. ಎಲ್ಲಾದರೂ ಮಂಜುಗಡ್ಡೆ ಲಟಕ್ಕೆಂದರೆ, ಹತ್ತಿರವಿದ್ದವರು ಯಾರೇ ಆಗಲಿ ಹತ್ತಿ, ಗಾಡಿಯನ್ನು ದಡಕ್ಕೆ ಓಡಿಸಬೇಕು. ಬೀಗ ಹಾಕಿದವನನ್ನು ಮುಂದಿನ ಚಳಿಗಾಲದವರೆಗೂ ಜನ ಆಡಿಕೊಳ್ಳುತ್ತಾರೆ.

"ಕರೀ ಮತ್ತೆ ತಮ್ಮನ್ನ," ಅಂದ ಕ್ಲೈಡ್. "ನನ್ನ ಫೋನಲ್ಲೇ ಮಾಡು. ಇಂಥ ಖುಷಿನ ಇಟ್ಕೊಂಡು ಕೂತ್ಕೋಬಾರ್ದು."

ಸೈಮಾ ತಡೆಯುವಷ್ಟರಲ್ಲಿ ಹೆಲ್ಮಿ ಕಚೇರಿಯೊಳಗಿದ್ದಳು. ಅವಳ ದನಿ ತಂತಿಯಿಲ್ಲದೆಯೂ ಊರಾಚೆಗೆ ಕೇಳುವಂತಿತ್ತು.

"ಲೋ, ನಾನು ಕಣೋ... ನಾನು ಅಂದ್ರೆ ಯಾರು? ನಿನಗೆ ಎಷ್ಟು ಜನ ಅಕ್ಕಂದಿರಿದಾರೆ?... ಜಗಳ ಆಡೋಕಲ್ಲ. ಬಾ ಇಲ್ಲಿ. ಕ್ಲೈಡನ ಅಂಗಳಕ್ಕೆ... ಅಳ್ತಿಲ್ಲ, ನೆಗಡಿ... ಲೋ, ತಪ್ಪಾಯ್ತು ಕಣೋ. ನನ್ನದೇ ತಪ್ಪಾಯ್ತು. ಬಾರೋ."

ಓರ್ವೊ ಬಂದದ್ದು ಟ್ರಾಕ್ಟರಿನಲ್ಲಿ. ಗಾಡಿಯಿಲ್ಲದವನಿಗೆ ಅದೇ ರಥ. ಕಿವಿ ಮುಚ್ಚುವ ಟೋಪಿ, ಆರಡಿ ದೇಹ, ಹೊಸದಾಗಿ ಬಾಚಿದ ಗಡ್ಡ. ಅಕ್ಕ ಕರೆದಳೆಂದು ಬಾಚಿಕೊಂಡದ್ದು ಎಂದು ಸೈಮಾಳಿಗೆ ಹೊಳೆದು ಎದೆ ತುಂಬಿ ಬಂತು. ಹೆಲ್ಮಿ ಓಡಿಹೋಗಿ, ಅವನು ಇಳಿಯುವ ಮೊದಲೇ ಕಾಲು ಹಿಡಿದು ಎಳೆದು ತಬ್ಬಿಕೊಂಡಳು. ಟೋಪಿ ಬಿತ್ತು. ಅವನು ಅಕ್ಕನ ಬೆನ್ನನ್ನು ಮೆಲ್ಲಗೆ, ಹಸುವಿನ ಬೆನ್ನು ತಟ್ಟುವ ಹಾಗೆ ತಟ್ಟಿದ. ಏಳು ತಿಂಗಳ ಮಂಜುಗಡ್ಡೆ ಆ ಅಂಗಳದಲ್ಲಿ ನೀರಾಯಿತು.

"ಕಾಫಿ ತರ್ತೀನಿ ನಿನಗೆ, ನಿಸು ಇದೆ, ಇರು," ಎಂದು ಮೂಗು ಒರೆಸಿಕೊಳ್ಳುತ್ತ ಹೆಲ್ಮಿ ಕಚೇರಿಯ ಕಡೆ ಹೋದಳು. ಕ್ಲೈಡ್ ಅವಳಿಗೆ ಬಾಗಿಲು ಹಿಡಿದ.

ಆಗ ಓರ್ವೊ ಗಾಡಿಯನ್ನು ನೋಡಿದ.

ಗಾಡಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಜಾಲರಿಯ ವಕ್ರ ತೂತನ್ನು ಕಂಡ. ನೆಟ್ಟಗಾಗುವಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಸೈಮಾ, ಇದು ಎಲ್ಲಿಂದ ಬಂತು?"

"ಕ್ಲೈಡ್ ತಂದಿದಾನೆ. ದಕ್ಷಿಣದ ಹರಾಜು ಅಂತಾನೆ. ಯಾಕೋ? ನಿನ್ನ ಹೆಸರು ತೊಳೆದು ಹೋಯ್ತು, ಕುಣೀಬೇಕು ನೀನು."

"ಇದು ಅಕ್ಕನ ಗಾಡಿ ಅಲ್ಲ ಅಂತ ಹೇಳು."

"ಏನಂದೆ?"

"ನೀನು ಅಲ್ಲ ಅಂದ್ರೆ ಎಲ್ಲರೂ ನಂಬ್ತಾರೆ. ದಮ್ಮಯ್ಯ ಅಂತೀನಿ, ಹೇಳು." ಅವನು ಕಚೇರಿಯ ಕಡೆ ಬೆನ್ನು ಮಾಡಿ, ಟೈರು ನೋಡುವವನ ಹಾಗೆ ಕುಕ್ಕರುಗಾಲಲ್ಲಿ ಕೂತ. "ಆವತ್ತು ಮಂಜುಗಡ್ಡೆ ತಾನಾಗಿ ಒಡೀಲಿಲ್ಲ. ಗರಗಸ ಹಿಡಿದು ಕೊಯ್ದವನು ನಾನೇ."

ಸೈಮಾ ಪಕ್ಕದಲ್ಲಿ ಕೂತಳು. ಮಂಡಿ ಲಟಕ್ಕೆಂದಿತು, ಅವಳಿಗೆ ಕೇಳಿಸಲಿಲ್ಲ.

"ಗಾಡಿ ಮುಳುಗಿದೆ ಅಂದ್ರೆ ಯಾರೂ ಅದನ್ನ ಹುಡುಕಲ್ಲ, ಅಲ್ವಾ?" ಓರ್ವೊ ಪಿಸುಗುಟ್ಟಿದ. "ಒಬ್ಬಳು ಊರು ಬಿಟ್ಟು ಹೋಗ್ಬೇಕಿತ್ತು. ಬಸ್ಸಲ್ಲಿ ಹೋದ್ರೆ ಗಂಡ ಹಿಡ್ಕೊಂಡು ಬರ್ತಿದ್ದ. ದಡಕ್ಕೆ ನಡ್ಕೊಂಡು ಬಂದ್ಲು, ಒಂದೇ ಚೀಲ ಕೈಲಿ. ನಾನೇ ಕೂರಿಸಿದೆ. ಕಾಲು ಪೆಡಲಿಗೆ ಎಟುಕ್ತಿರಲಿಲ್ಲ ಪಾಪ, ಸೀಟು ಪೂರ್ತಿ ಮುಂದಕ್ಕೆ ಎಳೆದು ಕೊಟ್ಟೆ. ಕುಡುಕ ಅಂದ್ರು, ಅನ್ನಲಿ ಅಂತ ಸುಮ್ಮನಿದ್ದೆ. ಮೇ ತಿಂಗಳಲ್ಲಿ ಒಂದು ಕಾರ್ಡು ಬಂತು, ಕಿತ್ತಳೆ ತೋಟದ ಚಿತ್ರ. ಒಂದಕ್ಷರ ಇರಲಿಲ್ಲ, ಆದ್ರೂ ಆವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಈಗ ಗಾಡಿ ವಾಪಸ್ ಬಂದಿದೆ ಸೈಮಾ. ಅವಳು ಎಲ್ಲಿ?"

"ಯಾರು ಓರ್ವೊ? ಯಾರನ್ನ ಕಳಿಸಿದೆ?"

ಅವನು ಕಚೇರಿಯ ಕಡೆ ಕಣ್ಣು ಹೊರಳಿಸಿದ. ಬಾಗಿಲು ತೆರೆದು ಹೆಲ್ಮಿ ಕಾಫಿಯ ಲೋಟ ಹಿಡಿದು ಬರುತ್ತಿದ್ದಳು. ಹಿಂದೆ ನಗುನಗುತ್ತ ಕ್ಲೈಡ್.

"ಅವನ ಹೆಂಡತಿನ," ಅಂದ ಓರ್ವೊ. "ಡೋರೀನನ್ನ."

ಡೋರೀನ್ ಟ್ರೆಗೇರ್, ಕಾಯಿಲೆಯ ತಂಗಿಯನ್ನು ನೋಡಿಕೊಳ್ಳಲು ಮಿನ್ನೆಸೋಟಾಕ್ಕೆ ಹೋಗಿದ್ದಾಳೆಂದು ಊರೆಲ್ಲ ತಿಳಿದಿತ್ತು. ಹಾಗೆಂದು ಊರಿಗೆಲ್ಲ ಹೇಳಿದವನು ಕ್ಲೈಡ್. ಸೈಮಾ ಕೂಡ ಅದನ್ನು ಒಂದು ಸಲವೂ ಪ್ರಶ್ನಿಸಿರಲಿಲ್ಲ.

"ಹೇಳೋ ಓರ್ವೊ, ಕ್ಲೈಡನ ಮುಂದೆನೇ ಹೇಳಿಬಿಡು!" ಹೆಲ್ಮಿ ಲೋಟವನ್ನು ತಮ್ಮನ ಕೈಗೆ ತುರುಕಿದಳು. "ಇದು ನಮ್ಮ ಗಾಡಿನಾ ಅಲ್ವಾ?"

ಓರ್ವೊ ಎದ್ದು ನಿಂತ. ಅಕ್ಕನ ಮುಖ ನೋಡಿದ. ಹೊಸದಾಗಿ ಸಿಕ್ಕಿದ್ದ ಆ ಮುಖವನ್ನು ಇನ್ನೊಂದು ಗಳಿಗೆ ಇಟ್ಟುಕೊಳ್ಳುವವನ ಹಾಗೆ ನೋಡಿದ.

"ಅಲ್ಲ ಹೆಲ್ಮಿ."

"ಏನಲ್ಲ? ಆ ತೂತು..."

"ಎಲ್ಲ ಗಾಡಿಲೂ ತೂತಿರುತ್ತೆ. ಇದು ನಮ್ಮದಲ್ಲ. ನಮ್ಮದು ಮುಳುಗಿದೆ. ಆವತ್ತು ಕುಡಿದಿದ್ದೆ. ನಾನೇ ಮುಳುಗಿಸಿದ್ದು."

ಹೆಲ್ಮಿ ಒಂದು ಹೆಜ್ಜೆ ಹಿಂದೆ ಸರಿದಳು. ಯಾರೂ ಹೊಡೆಯದಿದ್ದರೂ ಹೊಡೆತ ತಿಂದವಳ ಹಾಗೆ ಕೆನ್ನೆ ಮುಟ್ಟಿಕೊಂಡಳು. 

"ಬಿಡು ಹೆಲ್ಮಿ, ಬೈಬೇಡ," ಅಂದ ಕ್ಲೈಡ್ ಮೃದುವಾಗಿ. ಬಂದು ಓರ್ವೊನ ಹೆಗಲ ಮೇಲೆ ಕೈಯಿಟ್ಟ. ಪಾದ್ರಿಯ ದನಿಯಿಲ್ಲ, ಬಾತಿನ ದನಿಯಿಲ್ಲ; ಇದ್ದದ್ದು ಅವನದೇ ದನಿ, ಅಂಗಳದಲ್ಲಿ ಯಾರೂ ಅಷ್ಟಾಗಿ ಕೇಳಿರದಂಥದ್ದು. "ಓರ್ವೊ ಹೇಳೋದೇ ಸರಿ ಇರ್ಬೋದು. ಒಂದೇ ಅನುಮಾನ ನನಗೆ. ಹರಾಜಲ್ಲಿ ಈ ಗಾಡಿ ಹತ್ತಿದಾಗ ಸೀಟು ಸ್ಟೇರಿಂಗಿಗೆ ಅಂಟಿಕೊಂಡಿತ್ತು. ನನ್ನ ಮಂಡಿ ತೂರಲಿಲ್ಲ. ನೀನು ಆರಡಿ. ನಿಮ್ಮಕ್ಕ ನಿನಗಿಂತ ಒಂದು ಹಿಡಿ ಜಾಸ್ತಿ. ಯಾರಪ್ಪಾ ಇಷ್ಟು ಕುಳ್ಳ ಆಸಾಮಿ ಇದನ್ನ ಓಡಿಸಿದ್ದು ಅಂತ ಅಂಗಳದ ಮುಂದೆನೇ ನಿಲ್ಸಿ, ಗುರುತು ಹಿಡಿಯೋರು ಬರಲಿ ಅಂತ ಕಾಯ್ತಾ ಇದ್ದೆ. ನೀನು ಬಂದೆ. ಹೇಳು, ಯಾರದು?"

ಓರ್ವೊ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಬಾಯಿ ತೆರೆದ. 

"ನಾನು," ಅಂದಳು ಸೈಮಾ.

ಮೂವರೂ ತಿರುಗಿದರು. ಬೂಟು ಹಾಕಿಕೊಂಡೂ ಐದಡಿ ದಾಟದ ಸೈಮಾ ರೌತಿಯೊ, ಟೋಪಿ ಸರಿಮಾಡಿಕೊಂಡು ಇಬ್ಬರ ನಡುವೆ ಬಂದು ನಿಂತಳು. "ಆವತ್ತು ಗಾಡಿ ತಗೊಂಡು ಹೋದವಳು ನಾನು. ಈ ಊರಲ್ಲಿ ನನಗಿಂತ ಕುಳ್ಳಿ ಬೇಕಾದ್ರೆ ಶಿಶುವಿಹಾರದಲ್ಲಿ ಹುಡುಕ್ಬೇಕು. ಇನ್ನೇನು ಕೇಳ್ಬೇಕೋ ನನ್ನ ಕೇಳು."

ಕ್ಲೈಡ್ ಅವಳನ್ನು ಬೂಟಿನಿಂದ ಟೋಪಿಯವರೆಗೆ ಕಣ್ಣಲ್ಲೇ ಅಳೆದ. ಕೋಪ ಮಾಡಿಕೊಳ್ಳಲಿಲ್ಲ. ಓರ್ವೊನ ಹೆಗಲ ಮೇಲಿದ್ದ ಕೈಯನ್ನು ತೆಗೆದು ಕೋಟಿನ ಜೇಬಿಗೆ ಇಳಿಸಿ, ಅಲ್ಲಿ ಏನನ್ನೋ ಹಿಡಿದುಕೊಂಡ.

"ತುಂಬಾ ಒಳ್ಳೇದಾಯ್ತು ಮೇಡಂ," ಅಂದ. "ಹಾಗಿದ್ರೆ ಆ ಸೀಟಿನ ಕೆಳಗೆ ನೀವು ಏನು ಬಿಟ್ಟು ಹೋಗಿದ್ರಿ ಅಂತ ಹೇಳಿಬಿಡಿ."